ಇದು ಹೆಪ್ಪು ಹಾಕಿದ್ದಾ, ಒಡೆಸಿದ್ದಾ? ಒಂದು ಫ್ರಿಜ್ಜಿನ ಚೀಸ್ ಲೇಬಲ್‌ಗಳ ಪ್ರಕರಣ

ಅಮ್ಮ ಈ ಪ್ರಶ್ನೆ ಕೇಳಿದ್ದು ಬಂದ ಹನ್ನೊಂದನೇ ದಿನ. ಅಷ್ಟರಲ್ಲಿ ಅವಳು ಹತ್ತು ದಿನ ಚೀಸ್ ತಿಂದಾಗಿತ್ತು.

ನಾವಿರುವುದು ನೆದರ್‌ಲ್ಯಾಂಡ್ಸ್‌ನ ಆಮ್ಸ್ಟೆಲ್‌ವೇನ್‌ನಲ್ಲಿ. ಅಮ್ಮ ನನ್ನ ಬಾಣಂತನಕ್ಕೆ ಅಂತ ಸಾಗರದ ಹತ್ತಿರದ ನಮ್ಮ ಊರಿಂದ 90 ದಿನದ ವೀಸಾ ಮಾಡಿಸಿಕೊಂಡು ಬಂದಿದ್ದಳು. ನನಗೆ ಆಗ ಎಂಟನೇ ತಿಂಗಳು. ಇಲ್ಲಿ ಬೆಳಗಿನ ತಿಂಡಿ ಅಂದರೆ ಬ್ರೆಡ್ಡು, ಚೀಸು. ವಾರದ ದಿನಗಳಲ್ಲಿ ನಾವೂ ಅದನ್ನೇ ತಿಂದು ಕೆಲಸಕ್ಕೆ ಓಡುವವರು. ಅಮ್ಮ ಮೊಟ್ಟೆ ಕೂಡ ಮುಟ್ಟದವಳು, ಆದರೆ ಹಾಲು, ಮೊಸರು, ತುಪ್ಪ ಅಂದರೆ ಜೀವ. ಚೀಸೂ ಹಾಲಿನದೇ ಅಲ್ವಾ ಅಂತ ಯೋಚನೆಯನ್ನೇ ಮಾಡದೆ ಕೊಟ್ಟೆ. ಅವಳಿಗೂ ಹಿಡಿಸಿತು. ಹೆಸರು ಗೌಡಾ ಅಂತ ಹೇಳಿದ ಮೇಲಂತೂ "ಗೌಡರ ಚೀಸು ಒಂದು ಹೋಳು ಕೊಡು" ಅಂತ ತಾನೇ ಕೇಳುತ್ತಿದ್ದಳು.

ಹನ್ನೊಂದನೇ ದಿನ ಆ ಹೋಳನ್ನು ಕಿಟಕಿಯ ಬೆಳಕಿಗೆ ಹಿಡಿದು ಬಗ್ಗಿಸಿದಳು. ಎರಡು ತುದಿ ಸೇರಿದರೂ ಮುರಿಯಲಿಲ್ಲ.

"ಪುಟ್ಟಿ, ಇದು ಹೆಪ್ಪು ಹಾಕಿದ್ದಾ, ಒಡೆಸಿದ್ದಾ?"

ಇದು ಜೀವನಪೂರ್ತಿ ಕೊಟ್ಟಿಗೆ ನೋಡಿಕೊಂಡವಳು ಕೇಳುವ ಪ್ರಶ್ನೆ. ಹೆಪ್ಪು ಹಾಕಿದರೆ ಮೊಸರು, ಅದು ಹೀಗೆ ಬಗ್ಗುವುದಿಲ್ಲ. ನಿಂಬೆರಸ ಹಿಂಡಿ ಒಡೆಸಿದರೆ ಪನೀರು, ಅದು ಬಗ್ಗಿಸಿದರೆ ಪುಡಿಯಾಗುತ್ತೆ. ಗಿಣ್ಣು ಅಂತೂ ಅಲ್ಲವೇ ಅಲ್ಲ. (ಚೀಸ್‌ಗೆ ಕನ್ನಡದಲ್ಲಿ ಗಿಣ್ಣು ಅಂತ ಬರೆಯುವವರಿದ್ದಾರೆ, ಅಮ್ಮ ಅದನ್ನು ಒಪ್ಪುವುದೇ ಇಲ್ಲ. ಗಿಣ್ಣು ಕರು ಹಾಕಿದ ಹಸುವಿನ ಮೊದಲ ದಿನಗಳ ಹಾಲಿನದು, ಬಿಸಿ ತಾಗಿದರೆ ತಾನಾಗಿ ಗಟ್ಟಿಯಾಗುತ್ತೆ, ಬೇರೆ ಏನನ್ನೂ ಹಾಕಬೇಕಾಗಿಲ್ಲ.) ಹಾಗಾದರೆ ಇದನ್ನು ಗಟ್ಟಿ ಮಾಡಿದ್ದು ಏನು?

ಉತ್ತರ ನನಗೆ ಅರ್ಧ ಗೊತ್ತಿತ್ತು. ಹೇಳಲು ಬಾಯಿ ಬರಲಿಲ್ಲ. "ನೋಡಿ ಹೇಳ್ತೀನಿ ಅಮ್ಮ" ಅಂದೆ.

ಚೀಸನ್ನು ಗಟ್ಟಿ ಮಾಡುವುದು ಹೆಚ್ಚಾಗಿ ರೆನೆಟ್. ಹೆಪ್ಪೂ ಹಾಕುತ್ತಾರೆ, ಅದು ಹಾಲನ್ನು ಹುಳಿ ಮಾಡಿ ರುಚಿಗೆ ದಾರಿ ಮಾಡಿಕೊಡುತ್ತೆ. ಆದರೆ ಬಗ್ಗುವ, ಎಳೆದರೆ ಹಿಗ್ಗುವ ಆ ಗಟ್ಟಿತನ ಬರುವುದು ರೆನೆಟ್‌ನಿಂದ. ಇನ್ನೂ ಹುಲ್ಲು ಮೇಯದ, ಬರೀ ಹಾಲು ಕುಡಿಯುವ ಕರುವಿಗೆ ನಾಲ್ಕನೇ ಹೊಟ್ಟೆಯಲ್ಲಿ ಕೈಮೋಸಿನ್ ಅನ್ನುವ ಕಿಣ್ವ ಇರುತ್ತೆ, ಹಳೇ ಕಾಲದ ರೆನೆಟ್‌ನಲ್ಲಿ ಕೆಲಸ ಮಾಡುವುದು ಅದೇ. ಕುಡಿದ ಹಾಲು ಹಾಗೇ ಹರಿದು ಹೋಗದೆ ಹೊಟ್ಟೆಯಲ್ಲಿ ಗಟ್ಟಿಯಾಗಿ ನಿಲ್ಲಲಿ, ನಿಧಾನವಾಗಿ ಅರಗಲಿ ಅಂತ ಅದು. ಹಾಲಿನಲ್ಲಿ ಕೇಸಿನ್ ಅನ್ನುವ ಪ್ರೋಟೀನು ಸಣ್ಣ ಸಣ್ಣ ಉಂಡೆಗಳಾಗಿ ತೇಲುತ್ತಿರುತ್ತೆ. ಉಂಡೆಯ ಮೈಮೇಲೆ ಕೂದಲಿನಂಥ ಎಳೆಗಳಿದ್ದು, ಒಂದು ಉಂಡೆ ಇನ್ನೊಂದಕ್ಕೆ ಅಂಟದ ಹಾಗೆ ದೂರ ಇಡುತ್ತವೆ. ಕೈಮೋಸಿನ್ ಆ ಎಳೆಗಳನ್ನು ಕತ್ತರಿಸುತ್ತೆ. ಆಮೇಲೆ ಉಂಡೆಗಳು ಒಂದಕ್ಕೊಂದು ಹಿಡಿದುಕೊಂಡು ಬಲೆಯ ಹಾಗಾಗುತ್ತವೆ. ಅಮ್ಮ ಬೆಳಕಿಗೆ ಹಿಡಿದು ಬಗ್ಗಿಸಿದ್ದು ಆ ಬಲೆಯನ್ನೇ.

ಈಗ ಆ ಕಿಣ್ವ ಎಲ್ಲಿಂದ ಬಂತು ಅನ್ನುವುದೇ ನಮ್ಮ ಪ್ರಶ್ನೆ. ಹಳೇ ಕಾಲದಿಂದ ಬಂದ ದಾರಿ ಕಡಿದ ಕರುವಿನ ಹೊಟ್ಟೆ. ಎರಡನೆಯದು ಬೂಸ್ಟು: ರೈಜೋಮ್ಯೂಕರ್ ಮೀಹೈ ಅನ್ನುವ ಒಂದು ಜಾತಿಯ ಬೂಸ್ಟು ಅದೇ ಕೆಲಸ ಮಾಡುವ ಕಿಣ್ವವನ್ನು ಕೊಡುತ್ತೆ. ಮೂರನೆಯದು ಗಿಡ. ಪೋರ್ಚುಗಲ್, ಸ್ಪೇನ್ ಕಡೆ ಕಾರ್ಡೂನ್ ಅನ್ನುವ ಮುಳ್ಳುಗಿಡದ ಒಣಗಿದ ಹೂವನ್ನು ನೆನೆಸಿ ಆ ರಸದಿಂದಲೇ ಹಾಲು ಗಟ್ಟಿ ಮಾಡುತ್ತಾರೆ. ನಾಲ್ಕನೆಯದು ಸ್ವಲ್ಪ ಹೊಸದು. ಕರುವಿನ ಕೈಮೋಸಿನ್‌ನ ಜೀನನ್ನು ಸೂಕ್ಷ್ಮಜೀವಿಯೊಳಗೆ ಸೇರಿಸಿ, ಅದರಿಂದ ಟ್ಯಾಂಕಿಯಲ್ಲಿ ಕೈಮೋಸಿನ್ ತಯಾರಿಸುವುದು. ಅಮೆರಿಕದಲ್ಲಿ ಇದಕ್ಕೆ ಒಪ್ಪಿಗೆ ಸಿಕ್ಕಿದ್ದು 1990ರಲ್ಲಿ. ಜೀನ್ ತಂತ್ರದಿಂದ ತಯಾರಾಗಿ ಆಹಾರದಲ್ಲಿ ಬಳಸಲು ಅಲ್ಲಿ ಒಪ್ಪಿಗೆ ಪಡೆದ ಮೊದಲ ವಸ್ತುವೇ ಅದು.

ಫ್ರಿಜ್ಜಿನ ಮುಂದೆ ಕುಳಿತೆ. ಎಂಟು ತಿಂಗಳ ಹೊಟ್ಟೆ ಹೊತ್ತು ನೆಲದ ಮೇಲೆ ಕೂರುವುದು ಸುಲಭ ಅಲ್ಲ, ಆದರೆ ಅಷ್ಟೂ ಚೀಸ್ ಹೊರಗೆ ಹರಡಿಕೊಂಡು ಒಂದೊಂದಾಗಿ ಓದದೆ ಸಮಾಧಾನ ಇರಲಿಲ್ಲ.

ಮೊದಲು ಅಮ್ಮನ ಗೌಡಾ. ಲೇಬಲ್‌ನಲ್ಲಿ ಇದ್ದಿದ್ದು ಇಷ್ಟು: ಪಾಶ್ಚರೀಕರಿಸಿದ ಹಸುವಿನ ಹಾಲು, ಝೂರ್ಸೆಲ್, ಉಪ್ಪು, ಸ್ಟ್ರೆಮ್ಸೆಲ್, ಕೆಡದಂತೆ ಇಡುವ ಇ251, ಬಣ್ಣಕ್ಕೆ ಕ್ಯಾರೋಟೀನ್. ಝೂರ್ ಅಂದರೆ ಡಚ್ ಭಾಷೆಯಲ್ಲಿ ಹುಳಿ. ಹುಳಿ ಮಾಡುವಂಥದ್ದು ಝೂರ್ಸೆಲ್, ಅಂದರೆ ನಮ್ಮ ಹೆಪ್ಪೇ. ಸ್ಟ್ರೆಮ್ಸೆಲ್ ಅಂದರೆ ರೆನೆಟ್. ಬರೀ ಸ್ಟ್ರೆಮ್ಸೆಲ್. ಕರುವಿನದೋ, ಬೂಸ್ಟಿನದೋ, ಒಂದಕ್ಷರ ಇಲ್ಲ. ನೆದರ್‌ಲ್ಯಾಂಡ್ಸ್‌ಗೆ ಬಂದು ನಾಲ್ಕು ವರ್ಷದಿಂದ ಈ ಪೊಟ್ಟಣ ತರುತ್ತಿದ್ದೇನೆ. ಈ ಪದ ಕಣ್ಣಿಗೆ ಬಿದ್ದೇ ಇರಲಿಲ್ಲ.

ಇನ್ನೊಂದು ಚೀಸಿನ ಪೊಟ್ಟಣದಲ್ಲಂತೂ ಏನೇನು ಹಾಕಿದ್ದಾರೆ ಅನ್ನುವ ಪಟ್ಟಿಯೇ ಇರಲಿಲ್ಲ. ಮೊದಲು ಸಿಟ್ಟು ಬಂತು. ಆಮೇಲೆ ಕಾನೂನು ಓದಿದೆ. ಯುರೋಪಿನ ಆಹಾರ ಲೇಬಲ್ ಕಾನೂನು, 2011ರ 1169ನೇ ನಿಯಮಾವಳಿಯಲ್ಲಿ, 19ನೇ ವಿಧಿ ಹೇಳುವುದು ಇದು: ಹಾಲಿನದೇ ವಸ್ತು, ತಯಾರಿಕೆಗೆ ಬೇಕೇಬೇಕಾದ ಕಿಣ್ವ, ಹೆಪ್ಪು ಮತ್ತು ಉಪ್ಪು, ಇಷ್ಟನ್ನು ಬಿಟ್ಟು ಬೇರೇನೂ ಸೇರಿಸದ ಚೀಸ್‌ಗೆ ಪಟ್ಟಿ ಹಾಕುವ ಅಗತ್ಯವೇ ಇಲ್ಲ. (ತಾಜಾ ಚೀಸ್ ಮತ್ತು ಪ್ರೊಸೆಸ್ಡ್ ಚೀಸ್‌ನಲ್ಲಿ ಉಪ್ಪಿಗೆ ಈ ವಿನಾಯಿತಿ ಇಲ್ಲ.) ನಮ್ಮ ಗೌಡಾಕ್ಕೆ ಪಟ್ಟಿ ಇದ್ದಿದ್ದು ಬಣ್ಣ ಮತ್ತು ಇ251 ಹಾಕಿದ್ದರಿಂದ. ಯೋಚಿಸಿ ನೋಡಿ. ಏನನ್ನೂ ಸೇರಿಸದೆ ಹಳೇ ಪದ್ಧತಿಯಲ್ಲಿ ಮಾಡಿದ ಚೀಸ್ ಲೇಬಲ್‌ನಲ್ಲಿ ಕಡಿಮೆ ಮಾತಾಡುತ್ತೆ, ಆದರೆ ಕರುವಿನ ರೆನೆಟ್ ಇರುವ ಸಾಧ್ಯತೆ ಅದರಲ್ಲೇ ಜಾಸ್ತಿ. "ಪಟ್ಟಿಯಲ್ಲಿ ಇಲ್ಲ, ಹಾಗಾದರೆ ಹಾಕಿಲ್ಲ" ಅಂತ ನಾವೆಲ್ಲ ಅಂದುಕೊಳ್ಳುತ್ತೇವಲ್ಲ, ಚೀಸಿನ ವಿಷಯದಲ್ಲಿ ಅದು ಪೂರ್ತಿ ತಪ್ಪು.

ಗೌಡಾ ಮಾಡುವ ಕಂಪನಿಗೆ ಮೇಲ್ ಬರೆದೆ. ಎರಡು ದಿನಕ್ಕೆ ಉತ್ತರ ಬಂತು, ಮರ್ಯಾದೆಯಿಂದಲೇ ಬರೆದಿದ್ದರು: ಡೀರ್ಲಿಕ್ ಸ್ಟ್ರೆಮ್ಸೆಲ್. ಪ್ರಾಣಿಯದು.

ಅಮ್ಮನಿಗೆ ಹೇಳಲೇಬೇಕಿತ್ತು. ಮುಚ್ಚಿಡಬಹುದಿತ್ತು ಅಂತ ಆಮೇಲೆ ಒಬ್ಬ ಗೆಳತಿ ಅಂದಳು. ನನಗೆ ಅದು ಸಾಧ್ಯವೇ ಇಲ್ಲ. ಗಂಡುಕರುವನ್ನೂ ಮಾರದೆ ಕಟ್ಟಿಕೊಂಡಿದ್ದವಳು, ಪ್ರತಿ ಕರುವಿಗೂ ಹೆಸರಿಟ್ಟು ಕರೆದವಳು. ಹೇಳಿದೆ. ಅವಳು ಬೈಯಲಿಲ್ಲ. ಸ್ವಲ್ಪ ಹೊತ್ತು ಕೈಯಲ್ಲಿದ್ದ ಬಟ್ಟೆ ಮಡಚುತ್ತಾ ಕೂತಳು. ನಮ್ಮನೆಯವರು ಸಮಾಧಾನ ಮಾಡಲು ಹೋಗಿ, "ಅತ್ತೆ, ಅದನ್ನ ಹಾಕೋದು ತುಂಬಾ ಕಡಿಮೆ. ನೂರು ಲೀಟರ್ ಹಾಲಿಗೆ ಒಂದೆರಡು ಚಮಚದಷ್ಟು" ಅಂದರು.

"ಹೆಪ್ಪೂ ಒಂದು ಚಮಚವೇ ಅಲ್ವಾ? ಆದ್ರೂ ಪಾತ್ರೆ ತುಂಬ ಮೊಸರಾಗತ್ತೆ" ಅಂದಳು ಅಮ್ಮ.

ಆಮೇಲೆ ಅವಳೇ ಎದ್ದು, "ಸರಿ, ಬೇರೆ ತರದ್ದು ಇದ್ರೆ ನೋಡು. ಆ ರುಚಿ ಚೆನ್ನಾಗಿತ್ತು" ಅಂದಳು. ಈ ಪ್ರಕರಣದ ಉಳಿದ ಭಾಗ ನಡೆದಿದ್ದು ಆ ಒಂದು ಮಾತಿನ ಮೇಲೆ.

ಇಲ್ಲಿ ನನ್ನದೂ ಒಂದು ಪ್ರಶ್ನೆ ಇತ್ತು. ಗರ್ಭಿಣಿಯರಿಗೆ ಇಲ್ಲಿನ ಸೂಲಗಿತ್ತಿ ಮೊದಲ ಭೇಟಿಯಲ್ಲೇ ಹೇಳುವ ಮಾತು: ಕಾಯಿಸದ ಹಾಲಿನ ಮೆತ್ತಗಿನ ಚೀಸ್ ತಿನ್ನಬೇಡಿ. ಕಾರಣ ಲಿಸ್ಟೀರಿಯಾ. ಈ ಬ್ಯಾಕ್ಟೀರಿಯಾ ಫ್ರಿಜ್ಜಿನ ತಂಪಿನಲ್ಲೂ ಬೆಳೆಯುತ್ತೆ, ತಾಯಿಗೆ ಸಣ್ಣ ಜ್ವರದ ಹಾಗೆ ಬಂದು ಹೋದರೂ ಮಗುವಿನ ಜೀವಕ್ಕೆ ಕುತ್ತು ತರಬಹುದು. ನೀರಿನಂಶ ಜಾಸ್ತಿ ಇರುವ ಮೆತ್ತಗಿನ ಚೀಸ್ ಅದಕ್ಕೆ ಒಳ್ಳೆ ಜಾಗ. ಬಹಳ ದಿನ ಇಟ್ಟು ಒಣಗಿದ ಗಟ್ಟಿ ಚೀಸ್‌ನಲ್ಲಿ ಅದಕ್ಕೆ ಬೆಳೆಯಲು ಆಗುವುದಿಲ್ಲ, ಹಾಗಾಗಿ ಅದು ಪರವಾಗಿಲ್ಲ ಅನ್ನುತ್ತಾರೆ. ಬ್ರಿಟನ್ನಿನಲ್ಲಿ ಇನ್ನೂ ಬಿಗಿ, ಬಿಳಿ ಬೂಸ್ಟಿನ ತೊಗಟೆ ಇರುವ ಬ್ರೀಯಂಥ ಚೀಸನ್ನು ಪಾಶ್ಚರೀಕರಿಸಿದ್ದಾದರೂ ಬೇಯಿಸದೆ ತಿನ್ನಬೇಡಿ ಅಂತ ಅಲ್ಲಿನ ಆರೋಗ್ಯ ಸೇವೆಯ ಸಲಹೆ. ಕಾಯಿಸದ ಹಾಲಿನಿಂದ ಮಾಡಿದ್ದನ್ನು ಯುರೋಪಿನಲ್ಲಿ ಲೇಬಲ್ ಮೇಲೆ ಬರೆಯಲೇಬೇಕು. ಡಚ್‌ನಲ್ಲಿ "ರೌವ ಮೆಲ್ಕ್", ಫ್ರೆಂಚ್ ಪೊಟ್ಟಣದ ಮೇಲೆ "ಲೇ ಕ್ರೂ".

ಹೀಗಾಗಿ ಒಂದೇ ಲೇಬಲ್‌ಗೆ ನಮ್ಮ ಮನೆಯಲ್ಲಿ ಇಬ್ಬರು ಓದುಗರು. ಅಮ್ಮನಿಗೆ ಬೇಕಿದ್ದು ಹಾಲನ್ನು ಗಟ್ಟಿ ಮಾಡಿದ್ದು ಯಾವುದು ಅಂತ. ನನಗೆ ಬೇಕಿದ್ದು ಹಾಲನ್ನು ಕಾಯಿಸಿದ್ದಾರಾ ಅಂತ. ಎರಡೂ ತಯಾರಿಕೆಯ ಪ್ರಶ್ನೆಗಳೇ, ಆದರೆ ಉತ್ತರಗಳು ಒಂದಕ್ಕೊಂದು ಹೊಂದುವುದೇ ಇಲ್ಲ.

ಪಾರ್ಮಿಜಾನೊ ರೆಜಾನೊ ನೋಡಿ. ನಮ್ಮನೆಯವರಿಗೆ ಪಾಸ್ತಾ ಮೇಲೆ ಅದು ಇಲ್ಲದಿದ್ದರೆ ಆಗುವುದಿಲ್ಲ. ಇಟಲಿಯ ಪಾರ್ಮ, ರೆಜೊ ಎಮಿಲಿಯ, ಮೊಡೆನ, ಜೊತೆಗೆ ಬೊಲೊನ್ಯ ಮತ್ತು ಮಾಂಟುವದ ಕೆಲವು ಭಾಗ, ಇಷ್ಟರಲ್ಲೇ ಮಾಡಬೇಕು. ಹಾಲು, ಉಪ್ಪು, ಕರುವಿನ ರೆನೆಟ್, ಮೂರೇ ವಸ್ತು. ಕನಿಷ್ಠ 12 ತಿಂಗಳು ಇಡಬೇಕು. ಸಂಜೆ ಕರೆದ ಹಾಲನ್ನು ರಾತ್ರಿಯಿಡೀ ಇಟ್ಟು ಕೆನೆ ತೆಗೆದು, ಬೆಳಿಗ್ಗೆಯ ಹಾಲಿನ ಜೊತೆ ಸೇರಿಸುತ್ತಾರೆ. ಸುಮಾರು 40 ಕೆಜಿಯ ಒಂದು ಗಾಲಿಗೆ (ಗಾಲಿಯ ಆಕಾರದ ಇಡೀ ಚೀಸಿಗೆ) 500 ಲೀಟರಿಗೂ ಜಾಸ್ತಿ ಹಾಲು ಬೇಕು. ಪೊಟ್ಟಣದ ಮೇಲಿನ ಕೆಂಪು ಹಳದಿ ಮುದ್ರೆ, ಅದೇ ಪಿಡಿಒ, ಇರುವುದೇ "ಈ ಊರಿನಲ್ಲಿ, ಈ ವಿಧಾನದಲ್ಲೇ ಮಾಡಿದ್ದು" ಅಂತ ಹೇಳಲು. ಅಂದರೆ ಸಸ್ಯಾಹಾರಿ ಪಾರ್ಮಿಜಾನೊ ಅನ್ನುವುದು ನಿಯಮದ ಪ್ರಕಾರವೇ ಇರಲು ಸಾಧ್ಯವಿಲ್ಲ. ಲೇಬಲ್‌ನಲ್ಲಿ ಕರು ಅಂತ ಎಲ್ಲೂ ಬರೆಯದಿದ್ದರೂ ಆ ಮುದ್ರೆಯೇ ಅದನ್ನು ಹೇಳುತ್ತೆ, ಓದಲು ಬಂದರೆ. ಹಾಲು ಹಸಿಯದೇ, ಆದರೆ ಚೀಸ್ ಒಣಗಿ ಗಟ್ಟಿಯಾಗಿರುತ್ತೆ. ನನಗೆ ಆಗುತ್ತೆ, ಅಮ್ಮನಿಗೆ ಆಗುವುದಿಲ್ಲ.

ಅದರ ಪಕ್ಕದಲ್ಲಿ ಇದ್ದಿದ್ದು ಗ್ರಾನ ಪದಾನೊ. ನೋಡಲು ಅಣ್ಣತಮ್ಮ. ಇದರ ಪಟ್ಟಿಯಲ್ಲಿ ಇನ್ನೊಂದು ಹೆಸರು ದಪ್ಪ ಅಕ್ಷರದಲ್ಲಿತ್ತು: ಲೈಸೊಜೈಮ್, ಮೊಟ್ಟೆಯಿಂದ. ಚೀಸಿಗೆ ಮೊಟ್ಟೆ ಯಾಕೆ? ನನಗೂ ಆಶ್ಚರ್ಯ ಆಯಿತು. ಹಸಿ ಮೇವನ್ನು ಗಾಳಿಯಾಡದಂತೆ ಮುಚ್ಚಿ ಹುಳಿ ಬರಿಸುತ್ತಾರಲ್ಲ, ರಸಮೇವು, ಅದನ್ನು ತಿಂದ ಹಸುಗಳ ಹಾಲಿಗೆ ಕ್ಲಾಸ್ಟ್ರಿಡಿಯಂ ಅನ್ನುವ ಬ್ಯಾಕ್ಟೀರಿಯಾದ ಬೀಜಕಣಗಳು ಸೇರುವುದು ಜಾಸ್ತಿ. ತಿಂಗಳುಗಳು ಕಳೆದ ಮೇಲೆ ಅವು ಎಚ್ಚೆತ್ತು ಅನಿಲ ಬಿಟ್ಟು ಇಡೀ ಗಾಲಿಯನ್ನು ಉಬ್ಬಿಸಿ ಬಿರುಕು ಬಿಡಿಸುತ್ತವೆ. ಅದನ್ನು ತಡೆಯಲು ಮೊಟ್ಟೆಯ ಬಿಳಿಯಿಂದ ತೆಗೆದ ಲೈಸೊಜೈಮ್. ಪಾರ್ಮಿಜಾನೊ ಹಸುಗಳಿಗೆ ರಸಮೇವು ಹಾಕುವುದೇ ನಿಷೇಧ, ಹಾಗಾಗಿ ಅಲ್ಲಿ ಲೈಸೊಜೈಮ್ ಬೇಕಿಲ್ಲ. ನಮ್ಮ ಗೌಡಾದ ಇ251, ಅಂದರೆ ಸೋಡಿಯಂ ನೈಟ್ರೇಟ್ ಹಾಕಿದ್ದೂ ಇದೇ ರೋಗಕ್ಕೆ. ಅಮ್ಮನಿಗೆ ಇದನ್ನು ಹೇಳಿದಾಗ, "ಹಸು ತಿಂದಿದ್ದು ಚೀಸಲ್ಲಿ ಬರದೆ ಎಲ್ಲಿ ಹೋಗತ್ತೆ" ಅಂದಳು. ಅವಳಿಗೆ ಇದರಲ್ಲಿ ಹೊಸದೇನೂ ಇರಲಿಲ್ಲ.

ಇಲ್ಲಿ ಒಂದು ವಿಷಯ ನನ್ನನ್ನು ನಿಜಕ್ಕೂ ಕಾಡಿತು. ಮೊಟ್ಟೆ ಅಲರ್ಜಿ ತರುವ ವಸ್ತು, ಆದ್ದರಿಂದ ಎಷ್ಟೇ ಸ್ವಲ್ಪ ಇದ್ದರೂ ಯುರೋಪಿನಲ್ಲಿ ಎದ್ದು ಕಾಣುವ ಹಾಗೆ ಬರೆಯಬೇಕು. ಕರುವಿನ ಹೊಟ್ಟೆಯ ವಸ್ತುವಿಗೆ ಆ ಕಡ್ಡಾಯ ಇಲ್ಲ. ದೇಹಕ್ಕೆ ಆಗದಿದ್ದನ್ನು ಕಾನೂನು ಗಮನಿಸುತ್ತೆ, ಮನಸ್ಸಿಗೆ ಆಗದಿದ್ದನ್ನು ಬಿಟ್ಟುಬಿಡುತ್ತೆ. ನಮ್ಮ ದೇಶದಲ್ಲಿ ಪೊಟ್ಟಣದ ಮೇಲೆ ಹಸಿರು ಚುಕ್ಕೆ ಇಲ್ಲವೇ ಕಂದು ಗುರುತು ಕಡ್ಡಾಯ, ಮೊಟ್ಟೆ ಇದ್ದರೂ ಕಂದೇ. ಈ ಒಂದು ವಿಷಯದಲ್ಲಿ ನಮ್ಮದು ಇವರಿಗಿಂತ ಒಳ್ಳೆ ವ್ಯವಸ್ಥೆ ಅಂತ ನಾನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ. ರೆನೆಟ್ ಎಲ್ಲಿಂದ ಬಂತು ಅಂತ ಬರೆಯಲು ಎರಡು ಪದ ಸಾಕು. ಬರೆಯಿಸಬೇಕು.

ಹಾಗಾದರೆ ಇಲ್ಲಿ ನಂಬಬಹುದಾದ ಗುರುತು ಯಾವುದು? ಹಳದಿ ಬಣ್ಣದ ಮೇಲೆ ಹಸಿರು ವಿ ಇರುವ ವಿ-ಲೇಬಲ್ ಇದೆ. ಅದು ಇದ್ದರೆ ಪ್ರಾಣಿಯ ರೆನೆಟ್ ಇಲ್ಲ. ಆದರೆ ಹುಷಾರು, ಇಲ್ಲಿನ ಸಸ್ಯಾಹಾರದಲ್ಲಿ ಮೊಟ್ಟೆ ಸೇರುತ್ತೆ, ಹಾಗಾಗಿ ನಮ್ಮಂಥವರು ವಿ ನೋಡಿದ ಮೇಲೂ ದಪ್ಪ ಅಕ್ಷರದ ಪದಗಳನ್ನು ಒಂದು ಸಲ ಓದಬೇಕು. ಸಾವಯವ ಅಂತ ಇದ್ದರೆ ಸಸ್ಯಾಹಾರ ಅಂದುಕೊಳ್ಳುವುದಂತೂ ದೊಡ್ಡ ತಪ್ಪು. ಸಾವಯವದಲ್ಲಿ ಜೀನ್ ತಂತ್ರದ ಕಿಣ್ವ ನಿಷಿದ್ಧ, ಕರುವಿನ ರೆನೆಟ್ ನಿಷಿದ್ಧ ಅಲ್ಲ. "ಮೈಕ್ರೋಬಿಯಲ್" ಅಂತ ಬರೆದಿದ್ದರೆ ಕರು ಕಡಿದಿಲ್ಲ ಅನ್ನುವುದು ಖಾತ್ರಿ, ಆದರೆ ಅದು ಬೂಸ್ಟಿನದೋ ಜೀನ್ ಸೇರಿಸಿ ಮಾಡಿದ್ದೋ ಅಂತ ಆ ಪದದಿಂದ ತಿಳಿಯುವುದಿಲ್ಲ. ಅಮ್ಮನಿಗೆ ಇದನ್ನೂ ಬಿಡಿಸಿ ಹೇಳಿದೆ. ತುಂಬಾ ಹೊತ್ತು ಯೋಚಿಸಿ, "ಯಾವ ಕರುವಿಗೂ ಏನೂ ಆಗಿಲ್ಲ ತಾನೆ? ಹಾಗಾದ್ರೆ ನಂಗೆ ಆಗತ್ತೆ" ಅಂದಳು. ಬೇರೆಯವರು ಬೇರೆ ತರ ನಿರ್ಧಾರ ಮಾಡಬಹುದು, ಅದು ಅವರವರಿಗೆ ಬಿಟ್ಟಿದ್ದು.

ಶನಿವಾರ ಸಂತೆಗೆ ಹೋದೆವು. ಚೀಸ್ ಅಂಗಡಿಯಲ್ಲಿ ಹಳದಿ ಗಾಲಿಗಳನ್ನು ಒಂದರ ಮೇಲೊಂದು ಪೇರಿಸಿದ್ದರು. ಮೇಲೆ 48+ ಅಂತ ಬರೆದಿದ್ದನ್ನು ನೋಡಿ ಅಮ್ಮ "ಅರ್ಧಕ್ಕರ್ಧ ಕೊಬ್ಬಾ?" ಅಂತ ಗಾಬರಿಯಾದಳು. ಅಲ್ಲ. ನೀರು ತೆಗೆದು ಉಳಿದ ಒಣ ಭಾಗದಲ್ಲಿ ಕನಿಷ್ಠ 48% ಕೊಬ್ಬು ಅಂತ ಅರ್ಥ. 100 ಗ್ರಾಂ ಗೌಡಾದಲ್ಲಿ ಸುಮಾರು 40 ಗ್ರಾಂ ನೀರೇ ಇರುತ್ತೆ. ಉಳಿದ 60 ಗ್ರಾಂನಲ್ಲಿ 48% ಅಂದರೆ 29 ಗ್ರಾಂ ಹತ್ತಿರ. ಚೀಸ್ ಹಳೆಯದಾದಷ್ಟೂ ನೀರು ಆರುತ್ತಾ ಹೋಗುತ್ತೆ, ಒಟ್ಟು ತೂಕದಲ್ಲಿ ಲೆಕ್ಕ ಹಾಕಿದರೆ ಅಂಕಿ ತಿಂಗಳಿಗೊಂದು ಆಗುತ್ತೆ, ಅದಕ್ಕೇ ಒಣ ಭಾಗದ ಲೆಕ್ಕ. ಪಕ್ಕದಲ್ಲಿ "ಯೊಂಗ್" ಅಂತ ಇದ್ದರೆ ಎಳೆಯದು, ಸುಮಾರು 4 ವಾರದ್ದು. "ಬೆಲೇಖೆನ್" ಸುಮಾರು 4 ತಿಂಗಳದ್ದು, "ಔಡ್" 10 ತಿಂಗಳು ದಾಟಿದ್ದು. "ಬೂರೆನ್‌ಕಾಸ್" ಅಂದರೆ ಹಸು ಸಾಕಿದ ರೈತರ ಮನೆಯಲ್ಲೇ ಹಸಿ ಹಾಲಿನಿಂದ ಮಾಡಿದ್ದು.

ಅಂಗಡಿಯವರಿಗೆ ನಾನು ರೆನೆಟ್ ಬಗ್ಗೆ ಕೇಳಿದ್ದೇ ತಡ, ಹಿಂದಿನಿಂದ ಒಂದು ಫೈಲ್ ತೆಗೆದು ಪ್ರತಿಯೊಂದು ಗಾಲಿಯ ವಿವರ ತೋರಿಸಿದರು. ಪೊಟ್ಟಣದ ಮೇಲೆ ಸಿಗದ ಉತ್ತರ ಅಲ್ಲಿ ಒಂದು ನಿಮಿಷದಲ್ಲಿ ಸಿಕ್ಕಿತು. ಆಮೇಲೆ ಅವರೇ ಒಂದು ಗಾಲಿಯಿಂದ ತೆಳ್ಳಗೆ ಹೋಳು ಹೆರೆದು ಅಮ್ಮನ ಕೈಗೆ ಕೊಟ್ಟರು. ಅಮ್ಮ ಬಾಯಿಗೆ ಹಾಕುವ ಮೊದಲು ಮೂಸಿದಳು. ಮುಖ ಅರಳಿತು. "ಜೀರಿಗೆ!" ಹೌದು, ಇಲ್ಲಿ ಜೀರಿಗೆ ಹಾಕಿದ ಚೀಸು ತುಂಬಾ ಹಳೇ ಪದ್ಧತಿ, ಲೈಡನ್ ಊರಿನ ಕಡೆಯದು ಹೆಸರುವಾಸಿ. ಫ್ರೀಸ್‌ಲ್ಯಾಂಡ್ ಕಡೆ ಲವಂಗವನ್ನೂ ಹಾಕುತ್ತಾರೆ. ಅಮ್ಮ ತಿಂದ ಆ ಗಾಲಿಗೆ ಪಾಶ್ಚರೀಕರಿಸಿದ ಹಾಲು, ಬೂಸ್ಟಿನ ಮೈಕ್ರೋಬಿಯಲ್ ರೆನೆಟ್, ಮೊಟ್ಟೆ ಇಲ್ಲ. ಇಬ್ಬರಿಗೂ ಆಗುವಂಥದ್ದು. ಒಂದು ಕೆಜಿ ತಂದೆವು. ಅದಕ್ಕೆ ಸುಮಾರು ಹತ್ತು ಲೀಟರ್ ಹಾಲು ಬೇಕು ಅಂದಾಗ ಅಮ್ಮ ಹೋಳುಗಳನ್ನು ಇನ್ನೂ ತೆಳ್ಳಗೆ ಹೆರೆಯಲು ಶುರು ಮಾಡಿದಳು.

ಮನೆಗೆ ಬಂದ ಮೇಲೆ ಅಮ್ಮ ಬಿಳಿ ಟೇಪು, ಪೆನ್ನು ಕೇಳಿದಳು. ಫ್ರಿಜ್ಜಿನ ಒಂದೊಂದು ಡಬ್ಬಿಗೂ ಕನ್ನಡದಲ್ಲಿ ಬರೆದು ಅಂಟಿಸಿದಳು. "ಜೀರಿಗೆ. ಬೂಸ್ಟಿಂದ. ಇಬ್ಬರಿಗೂ." ಪಾರ್ಮಿಜಾನೊ ಮೇಲೆ, "ಕರು. ಅಳಿಯಂದಿರದು." ಗ್ರಾನ ಪದಾನೊ ಮೇಲೆ, "ಕರು, ಮೊಟ್ಟೆ ಎರಡೂ." ಚಾಕು ಕೂಡ ತನಗೆ ಬೇರೆ ಇಟ್ಟುಕೊಂಡಳು. ನಾಲ್ಕು ವರ್ಷದಲ್ಲಿ ನಾನು ಓದಿದ ಯಾವ ಲೇಬಲ್ಲೂ ಇಷ್ಟು ಚೆನ್ನಾಗಿರಲಿಲ್ಲ.

ಆ ವಾರವೇ ಪಕ್ಕದ ಮನೆಯ ಪೋರ್ಚುಗೀಸ್ ಹೆಂಗಸು ಊರಿಂದ ಬಂದವರು ಒಂದು ಸೆರ ದ ಎಸ್ಟ್ರೆಲ ತಂದುಕೊಟ್ಟರು. ಕುರಿಯ ಹಾಲಿನದು, ಕಾರ್ಡೂನ್ ಹೂವಿನಿಂದಲೇ ಗಟ್ಟಿ ಮಾಡಬೇಕು ಅನ್ನುವ ನಿಯಮ ಇರುವಂಥದ್ದು. ಮೇಲಿನ ತೊಗಟೆಯನ್ನು ಮುಚ್ಚಳದ ಹಾಗೆ ಕತ್ತರಿಸಿ ತೆಗೆದರೆ ಒಳಗೆ ಚಮಚದಲ್ಲಿ ತೆಗೆಯುವಷ್ಟು ಮೆತ್ತಗೆ, ಬೆಣ್ಣೆ ಕರಗಿದ ಹಾಗೆ. ಆದರೆ ಹಸಿ ಹಾಲಿನದು. ಪಾರ್ಮಿಜಾನೊಗೆ ಪೂರ್ತಿ ಉಲ್ಟಾ: ಅಮ್ಮನಿಗೆ ಆಗುತ್ತೆ, ನನಗೆ ಆಗುವುದಿಲ್ಲ. ಅಮ್ಮ ಒಂದು ಚಮಚ ತಿಂದು, ಸ್ವಲ್ಪ ಕಹಿ, ಆದರೆ ಒಳ್ಳೆ ಕಹಿ ಅಂದಳು. ಡಬ್ಬಿಗೆ ಟೇಪು ಬಿತ್ತು: "ಹೂವಿಂದ. ನನಗೆ ಮಾತ್ರ."

ಮಗು ಜನವರಿಯಲ್ಲಿ ಹುಟ್ಟಿತು. ಹೆರಿಗೆ ಆದ ಮೇಲೆ ಹಸಿ ಹಾಲಿನ ಚೀಸಿಗೆ ಆ ನಿಷೇಧ ಇಲ್ಲ ಅಂತ ಸೂಲಗಿತ್ತಿ ಹೇಳಿದರು. ಮಗುವನ್ನು ನೋಡಲು ಪಕ್ಕದ ಮನೆಯವರು ಬಂದಾಗ ಕೈಯಲ್ಲಿ ಅದೇ ಚೀಸು ಇತ್ತು. ಅವತ್ತು ಮಧ್ಯಾಹ್ನ ಮಗು ಮಲಗಿದ ಮೇಲೆ ಅಮ್ಮ ಬಿಸಿ ಬಿಸಿ ರೊಟ್ಟಿ ಮಾಡಿದಳು, ನಾನು ತೊಗಟೆ ಕತ್ತರಿಸಿದೆ, ಒಂದೇ ಚೀಸಿನಿಂದ ಇಬ್ಬರೂ ಸವರಿಕೊಂಡು ತಿಂದೆವು. ಉಳಿದಿದ್ದನ್ನು ಮುಚ್ಚಿಡುವಾಗ ಅಮ್ಮ ಟೇಪು ಹರಿದು ಬರೆದಳು: "ಹೂವಿಂದ. ಇಬ್ಬರಿಗೂ."